ಸೂಪರ್ ಮಾರ್ಕೆಟ್ ಕಡಿ ನಡಿಯೋ ಇಂಗ್ಲಿಷ್ ಶಬ್ದ ಕ್ಲಾಸ್: ‘ಹತ್ರ’ ಅನ್ನೋ ಪಾಠದ ರಿವ್ಯೂ

ಕಲಬುರಗಿಯೊಳಗ ಬ್ಯಾಂಕ್, ಎಲ್‌ಐಸಿ, ಎಫ್‌ಡಿಎ, ಪಿಎಸ್‌ಐ ಅಂತ ಓದಲತ್ತೋರು ಭಾಳ ಮಂದಿ ಇದೀರಿ, ಅದರಾಗ ನನ್ನಂಗ ಕನ್ನಡ ಮೀಡಿಯಂದಾಗ ಓದಿ ಇಂಗ್ಲಿಷ್ ಪೇಪರ್ ಕೈಗಿ ಬಂದ ಕೂಡ್ಲೇ ಎದಿ ಝಲ್ ಅನ್ನೋರೂ ಕಮ್ಮಿ ಇಲ್ಲ, ನಿಮ್ಮ ಸಲುವಾಗಿನೇ ಇದು ಬರೀಲತ್ತೀನಿ. ಸೂಪರ್ ಮಾರ್ಕೆಟ್ ಕಡಿ ಒಂದು ಗಲ್ಲಿ ಒಳಗ, ಕೆಳಗ ಜೆರಾಕ್ಸ್ ಅಂಗಡಿ ಇರೋ ಬಿಲ್ಡಿಂಗಿನ ಮ್ಯಾಲಿನ ಮಾಳಿಗ್ಯಾಗ ಶನಿವಾರ ಸಂಜಿ ಮತ್ತ ಐತವಾರ ಮುಂಜಾನಿ ಈ ಕ್ಲಾಸ್ ನಡೀತದ. ಕ್ಲಾಸಿನ ಹೆಸರು ಬರೀಬ್ಯಾಡ್ರಿ, ಇದ್ದ ಹುಡುಗರಿಗೇ ಕೂಡಲಾಕ ಜಾಗ ಇಲ್ಲ ಅಂತ ಕಲಿಸೋ ಸರ್ ಅಂದಾರ, ಅದಕ್ಕ ಹಾಕಿಲ್ಲ. ಆ ಕಡಿ ಹೋಗಿ ಶಬ್ದದ ಕ್ಲಾಸ್ ಎಲ್ಲದ ಅಂತ ಕೇಳಿದ್ರ ಜೆರಾಕ್ಸ್ ಅಂಗಡಿಯವರೇ ತೋರಸ್ತಾರ. ಫೀಸ್ ತಿಂಗಳಿಗಿ 800 ರೂಪಾಯಿ, ನೋಟ್ಸ್ ಅದರಾಗೇ ಬಂತು. ನನ್ನ ಕಡಿಂದ 5ಕ್ಕ ನಾಲ್ಕೂವರಿ ಸ್ಟಾರ್.

ಬ್ಯಾರೆ ಕಡಿ ಇಂಗ್ಲಿಷ್ ಶಬ್ದ ಹ್ಯಾಂಗ ಕಲಿಸ್ತಾರ ಅಂತ ನಿಮಗ ಗೊತ್ತೇ ಅದ. ದಿನಾ ಒಂದು ಪಟ್ಟಿ ವಾಟ್ಸಾಪಿಗಿ ಬರ್ತದ, ಎಡಕ್ಕ ಶಬ್ದ, ಬಲಕ್ಕ ಅರ್ಥ, ಬಾಯಿಪಾಠ ಮಾಡ್ರಿ, ನಾಳಿಗಿ ಟೆಸ್ಟ್. ನಾ ಮೊದಲ ಹೋಗ್ತಿದ್ದ ಕೋಚಿಂಗ್‌ದಾಗೂ ಹಂಗೇ ಇತ್ತು, ಒಂದು ವಾರ ನೆನಪಿರ್ತಿತ್ತು, ಆಮ್ಯಾಲ ಎಲ್ಲಾ ಕಲಸಿ ಹೋಗ್ತಿತ್ತು, ಅಪ್ರೋಚ್ ಯಾವುದು ಅಪ್ರೋಪ್ರಿಯೇಟ್ ಯಾವುದು, ಅಡ್ಜೇಸೆಂಟ್ ಯಾವುದು ಅಡ್ಜಸ್ಟ್ ಯಾವುದು ಅಂತ ಪರೀಕ್ಷಾದಾಗ ಕೂತು ತಲಿ ಕೆರಕೊಳೋ ಪರಿಸ್ಥಿತಿ. ಇಲ್ಲಿ ಸರ್ ಒಂದು ಅರ್ಥ ಹಿಡ್ಕೊಂಡು ಪೂರಾ ತಿಂಗಳ ಅದರ ಬೆನ್ನ ಹತ್ತತಾರ. ಶಬ್ದಗಳಿಗಿ ಮನಿತನ ಇರ್ತದ, ಮನಿತನ ಗೊತ್ತಾದ್ರ ಮುಖ ನೋಡಿದ ಕೂಡ್ಲೇ ಯಾರ ಪೈಕಿ ಅಂತ ತಿಳೀತದ ಅನ್ನೋದು ಅವರ ಮಾತು. ಈ ತಿಂಗಳಿನ ಪಾಠ ‘ಹತ್ರ’. ಲ್ಯಾಟಿನ್‌ದಾಗ, ಅಂದ್ರ ಹಳೇ ರೋಮಿನ ಮಂದಿ ಮಾತಿನ್ಯಾಗ, ಹತ್ರ ಅನ್ನಲಾಕ ಏನೇನು ಶಬ್ದ ಇದ್ದವು, ಅವುಗಳಿಂದ ಇಂಗ್ಲಿಷಿಗಿ ಏನೇನು ಬಂದಾವ ಅಂತ.

ಶುರು ಮಾಡಿದ್ದೇ ನಂಗ ಭಾಳ ಹಿಡಿಸ್ತು. ಲ್ಯಾಟಿನ್ ಪಾಟಿನ್ ಏನೂ ಹೇಳಲಿಲ್ಲ, ಮೊದಲ ನಿಮ್ಮ ನಿಮ್ಮ ಮನ್ಯಾಗ ಹತ್ರ ಅನ್ನಲಾಕ ಏನಂತೀರಿ ಹೇಳ್ರಿ ಅಂದ್ರು. ಒಬ್ಬರು ಸನೇಕ ಅಂದ್ರು, ಒಬ್ಬರು ಬಾಜು, ಮಗ್ಗಲ, ಹಂತ್ಯಾಕ, ಮುಸ್ಲಿಂ ಚೌಕದ ಹುಡುಗ ನಜ್ದೀಕ್ ಅಂದ, ಆಳಂದ ಕಡಿ ಹುಡುಗಿ ನಮ್ಮ ಕಡಿ ಮರಾಠಿ ಮಂದಿ ಜವಳ್ ಅಂತಾರ ಅಂದಳು. ಬೋರ್ಡ್ ಅರ್ಧ ತುಂಬ್ತು. ಬಾಜು ಮನಿ ಅಂತೀರಿ, ಸನೇಕ ಮನಿ ಅನ್ನಂಗಿಲ್ಲ, ನನ್ನ ಹಂತ್ಯಾಕ ರೊಕ್ಕ ಇಲ್ಲ ಅಂತೀರಿ, ನನ್ನ ಮಗ್ಗಲ ರೊಕ್ಕ ಇಲ್ಲ ಅನ್ನಂಗಿಲ್ಲ, ಯಾರು ಕಲಿಸ್ಯಾರ ನಿಮಗ ಇದು ಅಂತ ಕೇಳಿ, ರೋಮಿನ ಮಂದಿಗೂ ಹಿಂಗೇ ಒಂದೊಂದು ಹತ್ರಕ್ಕ ಒಂದೊಂದು ಶಬ್ದ ಇತ್ತು ಅಂದ್ರು. ಅಷ್ಟರಾಗ ಕೂತವರ ಅಂಜಿಕಿ ಅರ್ಧ ಹೋಗಿತ್ತು.

ಮೊದಲನೇ ಮನಿತನ ಪ್ರೊಪೆ. ಹತ್ರ ಅಂದ್ರ ಪ್ರೊಪೆ, ಇನ್ನೂ ಹತ್ರ ಅಂದ್ರ ಪ್ರೊಪಿಯೊರ್, ಎಲ್ಲಕ್ಕಿಂತ ಹತ್ರ ಅಂದ್ರ ಪ್ರೊಕ್ಸಿಮುಸ್. ಈ ಪ್ರೊಕ್ಸಿಮುಸ್‌ನಿಂದ ಪ್ರಾಕ್ಸಿಮಿಟಿ ಅಂದ್ರ ಹತ್ರ ಇರೋದು, ಅಪ್ರಾಕ್ಸಿಮೇಟ್ ಅಂದ್ರ ಹತ್ರ ಹತ್ರ, ಸುಮಾರು, ಇವು ಬಂದಾವ, ಪ್ರೊಪೆದಿಂದ ಪ್ರೊಪಿಂಕ್ವಿಟಿ ಅದ, ಅದು ಜಾಗದ ಹತ್ತಿರಕ್ಕೂ ನಡೀತದ, ರಕ್ತಸಂಬಂಧದ ಹತ್ತಿರಕ್ಕೂ ನಡೀತದ. ಅಪ್ರೋಚ್, ಅಂದ್ರ ಹತ್ರ ಹೋಗೋದು, ಅದೂ ಇದೇ ಮನಿತನ, ಲ್ಯಾಟಿನ್‌ದಿಂದ ನೇರ ಬರದೇ ಹಳೇ ಫ್ರೆಂಚಿನ್ಯಾಗ ಹಾಯ್ದು ಬಂದಿದ್ದಕ್ಕ ಮುಖ ಸ್ವಲ್ಪ ಬದಲಾಗ್ಯದ, ಅಷ್ಟೇ. ಫೋನಿನ್ಯಾಗ ಪ್ರಾಕ್ಸಿಮಿಟಿ ಸೆನ್ಸರ್ ಅಂತ ಇರ್ತದಲ್ರಿ, ಸರ್ ಯಾರಿಗೋ ಫೋನ್ ಹಚ್ಚಿ, ಕಿವಿ ಹತ್ರ ಒಯ್ದು, ನೋಡ್ರಿ ಸ್ಕ್ರೀನ್ ಆರಿತು, ದೂರ ತಂದೆ, ನೋಡ್ರಿ ಹತ್ತಿತು ಅಂತ ಮೂರು ಸಲ ತೋರಿಸಿದ್ರು, ಹಿಂದಿನ ಬೆಂಚಿನವರು ಎದ್ದು ನಿಂತು ನೋಡಿದ್ರು. ಆ ಶಬ್ದ ಇನ್ನ ಯಾರೂ ಮರಿಯಂಗಿಲ್ಲ.

ಆಮ್ಯಾಲ ಜಿಕೆ ಕೂಡ ಇದರಾಗೇ ಬಂತು. ಸೂರ್ಯನ್ನ ಬಿಟ್ರ ನಮಗ ಎಲ್ಲಕ್ಕಿಂತ ಹತ್ರ ಇರೋ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿ, 1915ರಾಗ ದಕ್ಷಿಣ ಆಫ್ರಿಕಾದಾಗ ರಾಬರ್ಟ್ ಇನ್ನೆಸ್ ಅನ್ನೋ ಖಗೋಳ ವಿಜ್ಞಾನಿ ಕಂಡು ಹಿಡಿದದ್ದು, ದೂರ 4.24 ಜ್ಯೋತಿರ್ವರ್ಷ. ಹೆಸರಿನ್ಯಾಗೇ ಉತ್ತರ ಅದ, ಪ್ರಾಕ್ಸಿಮಾ ಅಂದ್ರೇ ಎಲ್ಲಕ್ಕಿಂತ ಹತ್ರ ಇರಾಕಿ. ಇನ್ಶೂರೆನ್ಸ್ ಪರೀಕ್ಷಾ ಬರಿಯೋರಿಗಿ ಪ್ರಾಕ್ಸಿಮೇಟ್ ಕಾಸ್ ಅನ್ನೋ ತತ್ವ ಇರ್ತದ, ನಷ್ಟಕ್ಕ ಖರೇ ಕಾರಣ ಯಾವುದು, ಕಾರಣಗಳ ಸರಪಳಿಯೊಳಗ ಪರಿಣಾಮದ ಲೆಕ್ಕದಾಗ ಹತ್ರ ಇರೋದು ಯಾವುದು ಅಂತ ನೋಡೋದು, ಅದೂ ಇದೇ ಶಬ್ದ. ಹಳೇ ಸರ್ಕಾರಿ ಪತ್ರದಾಗ ತಾರೀಖಿನ ಮುಂದ ಪ್ರಾಕ್ಸ್ ಅಂತ ಇದ್ರ ಬರೋ ತಿಂಗಳು, ಇನ್ಸ್ಟ್ ಅಂತ ಇದ್ರ ಇದೇ ತಿಂಗಳು, ಅಲ್ಟ್ ಅಂತ ಇದ್ರ ಹೋದ ತಿಂಗಳು.

ಇಂಗ್ಲಿಷಿನ ಸ್ವಂತ ಶಬ್ದ ನಿಯರ್ ಲ್ಯಾಟಿನ್ ಅಲ್ಲ, ಅದು ಹಳೇ ಇಂಗ್ಲಿಷಿಂದೇ. ಆದ್ರ ಅದರ ಒಳಗೂ ಇದೇ ಮೂರು ಮೆಟ್ಲು ಅವ. ನೈ ಅಂದ್ರ ಹತ್ರ, ನಿಯರ್ ಅಂದ್ರ ಮೊದಲಿಗಿ ಇನ್ನೂ ಹತ್ರ, ನೆಕ್ಸ್ಟ್ ಅಂದ್ರ ಎಲ್ಲಕ್ಕಿಂತ ಹತ್ರ. ದಿನಾ ನೆಕ್ಸ್ಟ್ ನೆಕ್ಸ್ಟ್ ಅಂತೀವಿ, ಅದು ನಿಯರ್‌ನ ಅಕ್ಕ ಅಂತ ನಂಗ ಎಂದೂ ಹೊಳೆದಿದ್ದಿಲ್ಲ. ನೇಬರ್ ಅಂದ್ರ ಹತ್ರ ಮನಿ ಮಾಡ್ಕೊಂಡಾಂವ, ಆ ನೇ ಅನ್ನೋದು ಇದೇ ನೈ.

ಈ ಕ್ಲಾಸಿನ ಖರೇ ಗುಣ ಅಂದ್ರ ಸುಳ್ಳು ನೆಂಟಸ್ತನ ಕಟ್ಟಂಗಿಲ್ಲ. ಯೂಟ್ಯೂಬಿನ್ಯಾಗ ರೂಟ್ ವರ್ಡ್ ಅಂತ ಹೇಳಿ ಕಂಡ ಕಂಡ ಶಬ್ದ ಒಂದಕ್ಕೊಂದು ಗಂಟು ಹಾಕೋರು ಭಾಳ ಆಗ್ಯಾರ, ಅದನ್ನ ನಂಬಿ ಬರ್ಕೊಂಡು ಕೆಟ್ಟೋರೂ ಆರ. ಇಲ್ಲಿ ಪ್ರತಿ ಮನಿತನದ ಬಾಜೂಕ ಕೆಂಪ ಚಾಕ್‌ಪೀಸ್‌ಲೆ ಒಂದು ಗೆರಿ ಎಳೀತಾರ, ಗೆರಿ ಆಚೆ ಇರೋವು ನೋಡಲಾಕ ಒಂದೇ ತರ, ಸಂಬಂಧ ಇಲ್ಲ. ಪ್ರಾಕ್ಸಿ ಗೆರಿ ಆಚೆ ಹೋಯ್ತು! ಕಾಲೇಜಿನ್ಯಾಗ ಹಾಜರಿಗಿ ಪ್ರಾಕ್ಸಿ ಹಾಕ್ತಾರಲ್ಲ, ಅದು ಪ್ರೊಕ್ಸಿಮುಸ್ ಅಲ್ಲ, ಪ್ರೊಕ್ಯುರಸಿ ಅನ್ನೋ ಶಬ್ದ ಸಣ್ಣದಾಗಿದ್ದು, ಇನ್ನೊಬ್ಬರ ಪರವಾಗಿ ಕಾರಭಾರ ನೋಡೋದು ಅಂತ ಮೂಲ. ಅಪ್ರೋಪ್ರಿಯೇಟ್, ಪ್ರಾಪರ್, ಪ್ರಾಪರ್ಟಿ ಇವೂ ಗೆರಿ ಆಚೆ, ಅವು ಪ್ರೊಪ್ರಿಯುಸ್, ಅಂದ್ರ ಸ್ವಂತದ್ದು ಅನ್ನೋದರಿಂದ ಬಂದವು. ನಾ ಎಷ್ಟೋ ದಿನ ಒದ್ದಾಡಿದ ಅಪ್ರೋಚ್, ಅಪ್ರೋಪ್ರಿಯೇಟ್ ಜಗಳ ಆ ಒಂದು ಗೆರಿಗಿ ಮುಗೀತು.

ಎರಡನೇದು ಯೂಕ್ಸ್ತಾ, ಬಾಜೂಕ, ಮಗ್ಗಲ ಹಚ್ಚಿ ಅಂತ ಅರ್ಥ. ಜಕ್ಸ್ಟಪೋಸ್ ಅಂದ್ರ ಎರಡು ಬಾಜು ಬಾಜು ಇಡೋದು, ಇದು ಪುಸ್ತಕದ ಶಬ್ದ, ಪರೀಕ್ಷಾಕ್ಕ ಬರ್ತದ. ಆದ್ರ ಸರ್ ಮುಂದ ಹೇಳಿದ್ದು ಕೇಳಿ ಇಡೀ ಕ್ಲಾಸ್ ಗಪ್ ಆಯ್ತು, ಅಡ್ಜಸ್ಟ್ ಕೂಡ ಇದರ ಮಗನೇ. ಅದ್ ಅಂದ್ರ ಕಡಿ, ಯೂಕ್ಸ್ತಾ ಅಂದ್ರ ಬಾಜು, ಬಾಜೂಕ ತರೋದು, ಕೂಡಿಸೋದು. ಹಳೇ ಫ್ರೆಂಚ್ ಹಾಯ್ದು ಇಂಗ್ಲಿಷಿಗಿ ಬಂತು, ನಡುವ ಮಂದಿ ಇದು ಜಸ್ಟಿಸ್‌ನ ಪೈಕಿ, ನ್ಯಾಯ ಅನ್ನೋ ಯೂಸ್ತುಸ್‌ದಿಂದ ಬಂದಿದ್ದು ಅಂತ ತಿಳ್ಕೊಂಡ್ರು, ಅದರಿಂದ ಸರಿ ಮಾಡೋದು, ಹೊಂದಿಸೋದು ಅನ್ನೋ ಅರ್ಥಕ್ಕ ಜೋರು ಬಂತು. ಈಗ ನೋಡ್ರಿ, ಹುಮನಾಬಾದ್ ಮ್ಯಾಲಿಂದ ಬೀದರಿಗಿ ಹೋಗೋ ಬಸ್ಸಿನ್ಯಾಗ ಮೂರು ಮಂದಿ ಸೀಟಿಗಿ ನಾಲ್ಕನೇದಾಕಿ ಕೂಸು ಎತ್ಕೊಂಡು ಬಂದು ಥೋಡೆ ಅಡ್ಜಸ್ಟ್ ಮಾಡ್ರೀ ಯಕ್ಕಾ ಅಂದ್ರ, ಆಕಿ ಕೇಳಲತ್ತಿದ್ದು ಯೂಕ್ಸ್ತಾದ ಮೊದಲನೇ ಅರ್ಥನೇ, ಬಾಜು ಸರೀರಿ, ಮಗ್ಗಲ ಹಚ್ಚಿ ಕೂಡ್ರಿ ಅಂತ. ರೋಮಿನ ಮಾತಿನ ಮೂಲ ಅರ್ಥ ಲಂಡನ್‌ನವರಕಿಂತ ನಮ್ಮ ಕೆಕೆಆರ್‌ಟಿಸಿ ಬಸ್ಸಿನ್ಯಾಗ ಚಲೋ ಉಳಿದದ ಅಂತ ನಂಗ ಅನಸ್ತು. ಕುದರಿ ಮ್ಯಾಲ ಕೂತು ಭರ್ಚಿ ಹಿಡ್ಕೊಂಡು ಎದುರಾಬದರ ಬರೋ ಜೌಸ್ಟ್ ಅನ್ನೋ ಆಟದ ಹೆಸರೂ ಯೂಕ್ಸ್ತಾದಿಂದೇ, ಹತ್ರ ಬಂದು ಕೂಡೋದು ಅಂತ.

ಇನ್ನ ಯೂಕ್ಸ್ತಾಕ್ಕ ಯುಂಗೆರೆ ಅನ್ನೋದರ ಸಂಬಂಧ ಅದ, ಜೋಡಿಸೋದು. ಜಾಯಿನ್, ಜಂಕ್ಷನ್, ಕಂಜಂಕ್ಷನ್ ಎಲ್ಲಾ ಅಲ್ಲಿಂದ. ನಮ್ಮ ವಾಡಿ ಜಂಕ್ಷನ್, ಸೊಲ್ಲಾಪುರ ಕಡಿ, ಹೈದರಾಬಾದ್ ಕಡಿ, ರಾಯಚೂರು ಕಡಿ ಲೈನ್ ಕೂಡೋ ಜಾಗ, ಹೆಸರಿನ ಅರ್ಥ ಅಷ್ಟೇ. ಸಂಸ್ಕೃತದ ಯೋಗ, ಯುಕ್ತ, ಸಂಯೋಗ ಇವಕ್ಕೂ ಅದೇ ಬೇರು, ಯೂರೋಪಿನ ಮಾತು ಸಂಸ್ಕೃತ ಒಂದೇ ಮೂಲದಿಂದ ಕವಲೊಡೆದಿದ್ದಕ್ಕ ಹಿಂಗ.

ಮೂರನೇದು ಅಡ್ಜೇಸೆಂಟ್. ಇದರಾಗ ಒಂದು ವಿಷಯ ಕನ್ನಡದವರಿಗಿ ಭಾರಿ ಖುಷಿ ಕೊಡೋದು. ಲ್ಯಾಟಿನ್‌ದಾಗ ಎರಡು ಕ್ರಿಯಾಪದ ಅವ, ಒಂದರ ಅರ್ಥ ಮಲಗಿರೋದು, ಬಿದ್ದಿರೋದು, ಇನ್ನೊಂದರ ಅರ್ಥ ಒಗಿಯೋದು. ರೋಮನ್ ಅಕ್ಷರದಾಗ ಎರಡೂ ಒಂದೇ ತರ ಬರೀತಾರ, ಮ್ಯಾಲ ಗೆರಿ ಹಾಕಿದ್ರ ಮಾತ್ರ ಫರಕ ಕಾಣ್ತದ. ಸರ್ ಬೋರ್ಡ್ ಮ್ಯಾಲ ಕನ್ನಡದಾಗ ಬರೆದ್ರು, ಯಕೇರೆ ಅಂದ್ರ ಬಿದ್ದಿರೋದು, ಯಕೆರೆ ಅಂದ್ರ ಒಗಿಯೋದು. ಮುಗೀತು! ನಮಗ ಕೆ ಬ್ಯಾರೆ, ಕೇ ಬ್ಯಾರೆ, ಒಂದನೇತ್ತದ ಕೂಸಿಗೂ ಗೊತ್ತು. ಇಂಗ್ಲಿಷ್ ಮೀಡಿಯಂ ಹುಡುಗರು ಗೆರಿ ನೋಡ್ಕೊಂತ ಕೂತಾಗ ನಾವು ಕನ್ನಡದವರು ಮೊದಲ ತಿಳ್ಕೊಂಡಿವಿ, ಆ ಕ್ಲಾಸಿನ್ಯಾಗ ಹಂಗ ಆಗಿದ್ದು ಅದೇ ಮೊದಲು. ಅಡ್ಜೇಸೆಂಟ್ ಮೊದಲನೇದರಿಂದ, ಬಾಜೂಕ ಬಿದ್ದಿರೋದು, ಅದಕ್ಕ ಹೊಲ, ಪ್ಲಾಟ್, ಕೋಣಿಗೆಲ್ಲ ಅಡ್ಜೇಸೆಂಟ್ ಅಂತಾರ. ಇಂಜೆಕ್ಟ್, ರಿಜೆಕ್ಟ್, ಪ್ರಾಜೆಕ್ಟ್ ಇವು ಎರಡನೇದರಿಂದ, ಒಳಗ ಒಗಿಯೋದು, ಹಿಂದಕ್ಕ ಒಗಿಯೋದು, ಮುಂದಕ್ಕ ಒಗಿಯೋದು.

ಕಂಟಿಗ್ಯುಯಸ್ ಅಂದ್ರ ಮುಟ್ಟಿಕೊಂಡೇ ಇರಬೇಕು. ತಂಗೆರೆ ಅಂದ್ರ ಮುಟ್ಟೋದು, ಟ್ಯಾಂಜೆಂಟ್, ಕಾಂಟ್ಯಾಕ್ಟ್, ಮುಟ್ಟಿದ್ರ ಹಬ್ಬೋ ಕಂಟೇಜಿಯಸ್ ರೋಗ ಎಲ್ಲಾ ಅದೇ. ಅಡ್ಜೇಸೆಂಟ್ ಇದ್ರ ನಡುವ ರಸ್ತಾ ಇದ್ರೂ ನಡೀತದ, ಕಂಟಿಗ್ಯುಯಸ್‌ದಾಗ ನಡುವ ಸಂದು ಇರಬಾರದು, ಯಾದಗಿರಿ ಜಿಲ್ಲಾ 2009ರಾಗ ನಮ್ಮ ಜಿಲ್ಲಾದಿಂದ ಬ್ಯಾರೆ ಆಯ್ತಲ್ಲ, ಎರಡರ ಗಡಿ ಕೂಡೇ ಅದ, ಕಂಟಿಗ್ಯುಯಸ್. ಸಮುದ್ರ ಕಾನೂನಿನ್ಯಾಗ ಕಂಟಿಗ್ಯುಯಸ್ ಝೋನ್, ಅಂದ್ರ ದೇಶದ ಸ್ವಂತ ಸಮುದ್ರಕ್ಕ ಹಚ್ಚಿ ಇರೋ ಪಟ್ಟಿ, ದಂಡಿಯಿಂದ 24 ನಾಟಿಕಲ್ ಮೈಲಿ ತನಕ, ಇದು ಪ್ರಶ್ನಾದಾಗ ಬರ್ತದ, ಬರ್ದಿಟ್ಕೊಳ್ರಿ.

ವಿಸಿನಿಟಿ, ಅಂದ್ರ ಸುತ್ತಮುತ್ತಲಿನ ಜಾಗ, ಅನ್ನೋದು ವೀಕುಸ್ ಅಂದ್ರ ಓಣಿ, ಕೇರಿ, ಸಣ್ಣ ಊರು ಅನ್ನೋದರಿಂದ. ವೀಕೀನುಸ್ ಅಂದ್ರ ಒಂದೇ ಓಣಿಯಾಂವ. ಈ ವೀಕುಸ್ ಭಾಳ ಹಿಂದೇ ಇಂಗ್ಲಿಷ್ ಊರಿನ ಹೆಸರಿನ್ಯಾಗ ಸೇರ್ಕೊಂಡದ, ನಾರ್ವಿಚ್, ವಾರ್ವಿಕ್, ಅಷ್ಟೇ ಅಲ್ಲ ಸ್ಯಾಂಡ್‌ವಿಚ್ ಕೂಡ. ಸ್ಯಾಂಡ್‌ವಿಚ್ ಅನ್ನೋದು ಇಂಗ್ಲೆಂಡಿನ ಕೆಂಟ್ ಕಡಿ ಒಂದು ಊರು, ಉಸುಗಿನ ಮ್ಯಾಲಿನ ಊರು ಅಂತ ಅರ್ಥ, ಆ ಊರಿನ ಹೆಸರಿನ ಪದವಿ ಇದ್ದ ಸರದಾರನಿಂದ ತಿನ್ನೋ ಸ್ಯಾಂಡ್‌ವಿಚಿಗಿ ಹೆಸರು ಬಂತು. ವೈಸ್ ಪ್ರೆಸಿಡೆಂಟ್, ವಿಶಿಯಸ್ ಇವು ಕೆಂಪ ಗೆರಿ ಆಚೆ.

ಅಫಿನಿಟಿ ಪಾಠ ಕೇಳಿ ಮನಿಗಿ ಬಂದು ಅವ್ವಗೂ ಹೇಳೀನಿ. ಫೀನಿಸ್ ಅಂದ್ರ ಅಂಚು, ಗಡಿ, ಬದು. ಅಫ್ಫೀನಿಸ್ ಅಂದ್ರ ಬದುವಿನ ಬಾಜು ಹೊಲದಾಂವ, ಮತ್ತ ಅದೇ ಶಬ್ದಕ್ಕ ಲ್ಯಾಟಿನ್‌ದಾಗ ಬೀಗ ಅನ್ನೋ ಅರ್ಥನೂ ಅದ, ಮದಿವಿಯಿಂದ ಆದ ಸಂಬಂಧ. ಇವತ್ತಿಗೂ ಕಾನೂನಿನ್ಯಾಗ ರಕ್ತಸಂಬಂಧಕ್ಕ ಒಂದು ಶಬ್ದ, ಮದಿವಿ ಸಂಬಂಧಕ್ಕ ಅಫಿನಿಟಿ ಅಂತಾರ. ಅವ್ವ ಕೇಳಿ, ಬದುವಿನ ಜಗಳ ಬ್ಯಾಡ ಅಂತ ಎಷ್ಟು ಮಂದಿ ಬೀಗರಾಗ್ಯಾರ ನಮ್ಮೂರಾಗ ಅಂದಳು. ಪ್ಯಾರಾಫಿನ್ ಕೂಡ ಇದೇ, ಮೇಣಬತ್ತಿ ಮಾಡೋ ಮೇಣ, 1830ರಾಗ ರೈಖೆನ್‌ಬಾಖ್ ಅನ್ನೋ ಜರ್ಮನ್ ರಸಾಯನ ವಿಜ್ಞಾನಿ ಹೆಸರಿಟ್ಟಿದ್ದು, ಪಾರುಮ್ ಅಂದ್ರ ಕಮ್ಮಿ, ಅಫ್ಫೀನಿಸ್ ಅಂದ್ರ ಸಂಬಂಧ, ಬ್ಯಾರೆ ವಸ್ತು ಕೂಡ ಸಲೀಸು ಕೂಡಂಗಿಲ್ಲ ಅದು, ಅದಕ್ಕ ಆ ಹೆಸರು.

ಎಲ್ಲಕ್ಕಿಂತ ಚರ್ಚಾ ಆಗಿದ್ದು ರೈವಲ್ ಮ್ಯಾಲ. ರೀವುಸ್ ಅಂದ್ರ ಹಳ್ಳ, ನೀರಿನ ಕಾಲುವಿ, ಒಂದೇ ಕಾಲುವಿ ನೀರು ಹಂಚಿಕೊಳ್ಳೋರು ರೀವಾಲಿಸ್, ರೋಮನ್ ಕಾನೂನಿನ ಬರಹದಾಗೇ ಈ ಅರ್ಥದಾಗ ಅದ. ಹತ್ರ ಇದ್ದಾಂವನೇ ಪೈಪೋಟಿಗಿ ನಿಂದ್ರಾಂವ ಆದ. ಶಹಾಪುರ ಕಡಿ ಹುಡುಗ ಒಬ್ಬಾಂವ, ಯಾವಾಗ್ಲೂ ಹಿಂದ ಕೂತು ಒಂದು ಮಾತೂ ಆಡಲಾರದಾಂವ, ಎದ್ದು ನಿಂತು ನಾರಾಯಣಪುರ ಎಡದಂಡಿ ಕಾಲುವಿ ನೀರು ಬಿಟ್ಟಾಗ ಮ್ಯಾಲಿನ ಹೊಲದವರು ತೂಬಿಗಿ ಹೆಚ್ಚಿಗಿ ಪೈಪ್ ಹಾಕ್ತಾರ, ಟೇಲೆಂಡಿಗಿ ನೀರು ಮುಟ್ಟಂಗಿಲ್ಲ, ರಾತ್ರಿ ಎಲ್ಲಾ ದಂಡಿ ಮ್ಯಾಲ ಕಾಯ್ತೀವಿ, ನಮ್ಮಪ್ಪಗ ಈ ಶಬ್ದ ಬಿಡಿಸಿ ಹೇಳೋದೇ ಬ್ಯಾಡ ಸರ್ ಅಂದ. ಸರ್ ಅವನಿಗೇ ಚಾಕ್‌ಪೀಸ್ ಕೊಟ್ಟು ಬೋರ್ಡ್ ಮ್ಯಾಲ ಕಾಲುವಿ, ತೂಬು, ಲ್ಯಾಟರಲ್ ಎಲ್ಲಾ ತೆಗೆಸಿದ್ರು. ಡಿರೈವ್ ಅನ್ನೋದೂ ರೀವುಸ್‌ದಿಂದೇ, ಕಾಲುವಿಯಿಂದ ನೀರು ತಿರುಗಿಸಿ ಒಯ್ಯೋದು. ಆಮ್ಯಾಲ ಕೆಂಪ ಗೆರಿ ಆಚೆ ಸರ್ ಬರೆದಿದ್ದು ರಿವರ್! ರಿವರ್ ಇದರ ಪೈಕಿ ಅಲ್ಲ, ಅದು ರೀಪಾ ಅಂದ್ರ ದಂಡಿ ಅನ್ನೋದರಿಂದ, ಅರೈವ್ ಕೂಡ ದಂಡಿ ಮುಟ್ಟೋದು ಅಂತ. ಅವತ್ತು ಕ್ಲಾಸ್ ಬಿಟ್ಟ ಮ್ಯಾಲೂ ಮೆಟ್ಲ ಮ್ಯಾಲ ನಿಂತು ಮಾತಾಡಿದ್ವಿ.

ಕೊರತಿನೂ ಅವ, ಹೇಳಲೇಬೇಕು. ನೋಟ್ಸ್ ಜೆರಾಕ್ಸಿನ ಜೆರಾಕ್ಸ್, ಕೆಲವು ಹಾಳಿಯೊಳಗ ಅಕ್ಷರನೇ ಎದ್ದಿಲ್ಲ, ಸ್ಪೆಲಿಂಗ್ ತಪ್ಪೂ ಉಳಿದಾವ, ಸ್ಪೆಲಿಂಗ್ ಕಲಿಯೋ ಕ್ಲಾಸಿನ್ಯಾಗ ಇದು ಆಗಬಾರದು. ಸರ್ ಬಾಯಿಲೆ ಇಷ್ಟು ಚಂದ ಕನ್ನಡದಾಗ ಹೇಳೋದು ನೋಟ್ಸಿನ್ಯಾಗ ಒಂದು ಸಾಲೂ ಇಲ್ಲ, ಪೂರಾ ಇಂಗ್ಲಿಷ್. ಕ್ಲಾಸ್ ತಪ್ಪಿಸಿದವರಿಗಿ ಆ ನೋಟ್ಸ್ ಉಪಯೋಗ ಆಗಂಗಿಲ್ಲ. ಯಕೇರೆ, ಯಕೆರೆ ಅಂತ ಬೋರ್ಡ್ ಮ್ಯಾಲ ಬರೆದಿದ್ದಾದರೂ ಅಚ್ಚು ಹಾಕಸ್ರಿ ಸರ್, ಕೈ ಮುಗಿದು ಕೇಳ್ಕೋತೀನಿ. ಟೆಸ್ಟ್ ಇಡಂಗಿಲ್ಲ, ಅದಕ್ಕ ನಾವೇ ನಾಲ್ಕು ಮಂದಿ ಕೂಡಿ ಒಬ್ಬರಿಗೊಬ್ಬರು ಕೇಳ್ಕೋತೀವಿ. ಉಚ್ಚಾರಣೆ ಮ್ಯಾಲ ಟೈಮ್ ಕೊಡಂಗಿಲ್ಲ. ಮ್ಯಾಲ ತಗಡಿನ ಶೆಡ್ಡು, ಏಪ್ರಿಲ್ ಮೇದಾಗ ನಮ್ಮೂರ ಬಿಸಲು ನಿಮಗ ಗೊತ್ತೇ ಅದ, ನೀರಿನ ಬಾಟ್ಲಿ ಒಯ್ಯಲೇಬೇಕು, ಫ್ಯಾನಿನ ಕೆಳಗ ಜಾಗ ಬೇಕಂದ್ರ ಅರ್ಧ ತಾಸು ಮೊದಲ ಹೋಗ್ರಿ. ಮೆಟ್ಲ ಮ್ಯಾಲ ಲೈಟ್ ಇಲ್ಲ, ಶನಿವಾರ ಬಿಡೋದರಾಗ ಕತ್ಲಾಗಿರ್ತದ, ಹುಡುಗೇರು ನಾವೆಲ್ಲ ಕೂಡೇ ಇಳಿತೀವಿ, ಒಂದು ಬಲ್ಬ್ ಹಾಕ್ಸಿದ್ರ ಮುಗೀತಿತ್ತು.

ಮುಂದಿನ ತಿಂಗಳೇ ಪರೀಕ್ಷಾ ಇದ್ದವರು ಇಲ್ಲಿ ಬರಬ್ಯಾಡ್ರಿ, ನಿಮಗ ಹಳೇ ಪ್ರಶ್ನಪತ್ರಿಕಾ ಬಿಡಿಸೋದೇ ಛಲೋ. ಗ್ರಾಮರ್ ಬೇಕನ್ನೋರಿಗೂ ಇದಲ್ಲ. ಆರು ತಿಂಗಳು, ಒಂದು ವರ್ಷ ಟೈಮ್ ಇದ್ದವರು, ಇಂಗ್ಲಿಷ್ ಶಬ್ದ ಅಂದ್ರ ಅಂಜಿಕಿ ಇದ್ದವರು, ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸೋ ಟೀಚರ್‌ಗೋಳು ಖಂಡಿತ ಬರ್ರಿ, ನಮ್ಮ ಬ್ಯಾಚಿನ್ಯಾಗ ಜೇವರ್ಗಿ ಕಡಿ ಒಬ್ಬರು ಮೇಷ್ಟ್ರು ಬರ್ತಾರ, ಇಲ್ಲಿ ಕೇಳಿದ್ದು ಸೋಮವಾರ ಅವರ ಸಾಲ್ಯಾಗ ಹೇಳ್ತಾರ. ಒಂದು ಕ್ಲಾಸ್ ರೊಕ್ಕ ಕೊಡದೇ ಕೂತು ನೋಡಬಹುದು, ಸರ್ ಏನೂ ಅನ್ನಂಗಿಲ್ಲ. ಹೊಸಬರನ್ನ ತಿಂಗಳ ಮೊದಲನೇ ಶನಿವಾರ ಮಾತ್ರ ತಗೋತಾರ, ನಡುವ ತಗೋಳಂಗಿಲ್ಲ. ಬರೋ ತಿಂಗಳಿನ ಪಾಠ ‘ದೂರ’, ಅಲ್ಟ್ರಾ, ಡಿಸ್ಟೆನ್ಸ್, ರಿಮೋಟ್ ಇವೆಲ್ಲ, ನಾ ಫೀಸ್ ಕಟ್ಟೀನಿ.